ಪೆಡ್ಡರ್ ರೋಡಿನ ಏರು ಮತ್ತು ಪ್ಲೇಟಿನ ಶೂ

ಭಾನುವಾರ ಬೆಳಗಿನ ಐದು ಗಂಟೆಗೆ ಚರ್ಚ್‌ಗೇಟ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಮುಂಬೈ ಬೇರೆಯೇ ಊರು. ವಾರದ ದಿನಗಳಲ್ಲಿ ಇದೇ ಬಾಗಿಲಿನಿಂದ ಹೊರಬೀಳುವವರ ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಟಿಫಿನ್ ಡಬ್ಬಿ. ಭಾನುವಾರ ಮಾತ್ರ ಬೊರಿವಲಿ, ವಿರಾರ್ ಕಡೆಯಿಂದ ಬಂದ ಮೊದಲ ಲೋಕಲ್‌ಗಳು ಚಡ್ಡಿ, ಬನಿಯನ್ನು, ಸೊಂಟಕ್ಕೆ ನೀರಿನ ಬಾಟಲಿ ಕಟ್ಟಿಕೊಂಡ ಜನರನ್ನು ಇಳಿಸಿ ಹೋಗುತ್ತವೆ. ಐದು ನಿಮಿಷ ನಡೆದರೆ ಸಮುದ್ರ. ಇನ್ನೂ ಬೀದಿದೀಪ ಆರಿರುವುದಿಲ್ಲ. ನಾರಿಮನ್ ಪಾಯಿಂಟ್‌ನಿಂದ ಚೌಪಾಟಿಯ ತನಕ ಬಿಲ್ಲಿನಂತೆ ಬಾಗಿದ ಸುಮಾರು ಮೂರೂವರೆ ಕಿಲೋಮೀಟರ್ ದೀಪದ ಸಾಲು. ಇದಕ್ಕೆ ರಾಣಿಯ ಕಂಠಹಾರ ಎಂದು ಯಾಕೆ ಹೆಸರು ಬಂತು ಎನ್ನುವುದು ಆ ಹೊತ್ತಿನಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ಓಡುವವರ ಕಾಲುಗಳನ್ನಷ್ಟೇ ನೋಡಿ. ಹತ್ತು ವರ್ಷದ ಹಿಂದೆ ಬೂದು, ನೀಲಿ, ಬಿಳಿ ಇರುತ್ತಿದ್ದವು. ಈಗ ಮಾವಿನಹಣ್ಣಿನ ಹಳದಿ, ಗುಲಾಬಿ, ಕಣ್ಣು ಕುಕ್ಕುವ ಹಸಿರು. ಅಟ್ಟೆ ಎರಡು ಇಡ್ಲಿ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಹತ್ತಿರ ಬಂದಾಗ ಸದ್ದೂ ಬೇರೆ. ಮಾಮೂಲಿ ಶೂ ನೆಲವನ್ನು ತಟ್ಟಿದರೆ ಇವು ಟೊಕ್ ಟೊಕ್ ಎಂದು ಟೊಳ್ಳಾಗಿ ಕುಟ್ಟುತ್ತವೆ. ಹಿಂದಿನಿಂದ ಆ ಸದ್ದು ಕೇಳಿದರೆ ಪಕ್ಕಕ್ಕೆ ಸರಿಯುವುದು ನಮ್ಮ ಗುಂಪಿನ ಅಲಿಖಿತ ಪದ್ಧತಿ.

ನಮ್ಮ ಗುಂಪು ಎಂದರೆ ಏಳೆಂಟು ಜನ ಕನ್ನಡದವರು. ಕುಮಟಾದ ಬ್ಯಾಂಕ್ ಅಧಿಕಾರಿ ಒಬ್ಬರು, ಔಷಧ ಕಂಪನಿಯಲ್ಲಿರುವ ಮಂಡ್ಯದ ಹುಡುಗಿ, ನನ್ನ ಹಾಗೆ ಸಾಫ್ಟ್‌ವೇರಿನವರು ಮೂವರು, ಮತ್ತು ನಮಗೆಲ್ಲ ಹಿರಿಯರಾದ ಶೆಟ್ರು. ಶೆಟ್ರಿಗೆ ಐವತ್ತೆಂಟು. ಹೋಟೆಲು ಮಗನಿಗೆ ಒಪ್ಪಿಸಿ ಓಟಕ್ಕೆ ಇಳಿದವರು. ನಾನು ಧಾರವಾಡದವನು, ಈ ಊರಿಗೆ ಬಂದು ಹದಿಮೂರು ವರ್ಷ. ಮನೆಯಲ್ಲಿ ಬಿಟ್ಟರೆ ವಾರದಲ್ಲಿ ನಾನು ಬಾಯಿ ತುಂಬ ಕನ್ನಡ ಮಾತಾಡುವುದು ಈ ಭಾನುವಾರದ ಎರಡು ಗಂಟೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮೂರು ವರ್ಷದ ಹಿಂದೆ ನನ್ನ ಎಡ ಪಾದದ ಮೂಳೆಯಲ್ಲಿ ಒತ್ತಡದ ಗಾಯ ಕಾಣಿಸಿಕೊಂಡು ನಾಲ್ಕು ತಿಂಗಳು ಓಟ ನಿಂತಿತ್ತು. ಭಾನುವಾರಗಳು ಖಾಲಿಯಾದವು. ಹಾಗಾಗಿ ಪ್ಲೇಟಿನ ಶೂ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ದುಡ್ಡಿಗಿಂತ ಆ ಪಾದದ ಚಿಂತೆಯೇ ನನಗೆ ದೊಡ್ಡದಾಗಿತ್ತು.

ಮೊದಲು ಈ ಪ್ಲೇಟು ಎಂದರೇನು ಎಂದು ನೋಡೋಣ. 2017ರ ಮೇ 6ರಂದು ಇಟಲಿಯ ಮೊಂಜಾದಲ್ಲಿ, ಕಾರುಗಳ ರೇಸಿನ ಟ್ರ್ಯಾಕಿನಲ್ಲಿ, ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 2 ಗಂಟೆ 25 ಸೆಕೆಂಡಿನಲ್ಲಿ ಓಡಿದರು. ಕಾಲಲ್ಲಿ ನೈಕಿ ಕಂಪನಿಯ ದಪ್ಪ ಅಟ್ಟೆಯ, ಒಳಗೆ ಕಾರ್ಬನ್ ಹಾಳೆ ಇಟ್ಟ ಹೊಸ ಶೂ ಇತ್ತು. ಅದೇ ವರ್ಷ ಅದರ ಮಾರಾಟದ ಮಾದರಿ ಬಂತು, ಹೆಸರಲ್ಲೇ ‘4 ಪರ್ಸೆಂಟ್’ ಇತ್ತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 18 ಮಂದಿ ವೇಗದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದಾಗ, ಅದೇ ವೇಗಕ್ಕೆ ಸರಾಸರಿ ಶೇಕಡಾ 4ರಷ್ಟು ಕಡಿಮೆ ಶಕ್ತಿ ಖರ್ಚಾಗಿತ್ತು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕಿಪ್ಚೋಗೆ 1:59:40ಕ್ಕೆ ಓಡಿ ಮುಗಿಸಿದರು. ಸರದಿಯ ಮೇಲೆ ಬಂದು ಹೋಗುವ ಜೊತೆಗಾರರನ್ನು ಇಟ್ಟುಕೊಂಡು ಓಡಿದ್ದರಿಂದ ಅದು ಅಧಿಕೃತ ದಾಖಲೆಯಾಗಲಿಲ್ಲ, ಆದರೆ ಜಗತ್ತಿಗೆಲ್ಲ ಆ ಶೂವಿನ ಹುಚ್ಚು ಹಿಡಿಯಿತು. 2020ರ ಜನವರಿ ಕೊನೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ನಿಯಮ ಮಾಡಿತು: ರಸ್ತೆ ಓಟದ ಶೂವಿನ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಒಂದಕ್ಕಿಂತ ಹೆಚ್ಚು ಪ್ಲೇಟು ಇರಬಾರದು.

ಪ್ಲೇಟು ಸ್ಪ್ರಿಂಗಿನ ಹಾಗೆ ಕಾಲನ್ನು ಎತ್ತಿ ಎಸೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಲಾರಿಯ ಕೆಳಗಿನ ಕಮಾನುಪಟ್ಟಿಯನ್ನು ನೋಡಿ ಬೆಳೆದ ನಮಗೆ ಹಾಗೆ ಅನ್ನಿಸುವುದು ಸಹಜ. ನಿಜವಾಗಿ ಹೆಚ್ಚಿನ ಕೆಲಸ ಮಾಡುವುದು ಅದರ ಮೇಲೆ ಕೆಳಗೆ ಇರುವ ಫೋಮು. ಹಳೆಯ ಶೂಗಳ ಇವಿಎ ಫೋಮಿಗಿಂತ ಈ ಪೀಬಾ ಎಂಬ ಫೋಮು ಹಗುರ, ಒತ್ತಿದರೆ ಹೆಚ್ಚು ಕುಗ್ಗುತ್ತದೆ, ಬಿಟ್ಟರೆ ಆ ಶಕ್ತಿಯ ಹೆಚ್ಚಿನ ಪಾಲನ್ನು ವಾಪಸು ಕೊಡುತ್ತದೆ. ಆದರೆ ಇಷ್ಟು ದಪ್ಪನೆಯ ಮೆತ್ತನೆಯ ವಸ್ತುವಿನ ಮೇಲೆ ನಿಂತರೆ ಕಾಲು ಓಲಾಡುತ್ತದೆ. ಚಮಚದ ಹಾಗೆ ಮುಂದಕ್ಕೆ ಬಾಗಿದ ಗಟ್ಟಿ ಪ್ಲೇಟು ಅದನ್ನು ಹದ್ದಿನಲ್ಲಿಡುತ್ತದೆ, ಬೆರಳಿನ ಬುಡ ಮಡಚುವುದನ್ನು ಕಡಿಮೆ ಮಾಡಿ ಪಾದವನ್ನು ಮುಂದಕ್ಕೆ ಉರುಳಿಸುತ್ತದೆ. ಮುಂದೆ ಸಂಶೋಧಕರು ಈ ಶೂವಿನ ಪ್ಲೇಟನ್ನೇ ಅಡ್ಡಡ್ಡ ಕತ್ತರಿಸಿ, ಅದರ ಬಿಗುವು ತೆಗೆದು ಓಡಿಸಿ ನೋಡಿದರು. ಶಕ್ತಿಯ ಖರ್ಚಿನಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ‘ಕಾರ್ಬನ್’ ಎಂದು ದೊಡ್ಡದಾಗಿ ಬರೆದ ಡಬ್ಬಿ ನೋಡಿ ಮರುಳಾಗುವ ಮೊದಲು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಅಗ್ಗದ ಫೋಮಿನ ನಡುವೆ ಕಾರ್ಬನ್ ತುರುಕಿದ ಶೂಗಳೂ ಅಂಗಡಿಯಲ್ಲಿವೆ.

ಇನ್ನೊಂದು ವಿಷಯ. ಕೊಲರಾಡೊದ ಆ 18 ಜನ ಓಡಿದ ವೇಗ ಗಂಟೆಗೆ 14, 16, 18 ಕಿಲೋಮೀಟರ್. ಹದಿನೆಂಟು ಎಂದರೆ ಒಂದು ಕಿಲೋಮೀಟರಿಗೆ 3 ನಿಮಿಷ 20 ಸೆಕೆಂಡು. ನಮ್ಮ ಗುಂಪಿನಲ್ಲಿ ಆ ವೇಗದಲ್ಲಿ ಲೋಕಲ್ ಹಿಡಿಯಲಿಕ್ಕೂ ಯಾರೂ ಓಡಿದವರಲ್ಲ. ಗಂಟೆಗೆ 10, 12 ಕಿಲೋಮೀಟರ್ ವೇಗದಲ್ಲಿ, ಅಂದರೆ ನಮ್ಮಂಥವರ ವೇಗದಲ್ಲಿ, ನಡೆಸಿದ ಪರೀಕ್ಷೆಯೂ ಒಂದಿದೆ. ಅಲ್ಲಿ ಸಿಕ್ಕ ಲಾಭ ಸರಾಸರಿ ಶೇಕಡಾ ಒಂದರ ಆಸುಪಾಸು. ಕೆಲವರಿಗೆ ಲಾಭವೇ ಇಲ್ಲ, ಕೆಲವರಿಗೆ ನಷ್ಟ. ಜಾಹೀರಾತಿನಲ್ಲಿ ಇದು ಬರುವುದಿಲ್ಲ.

ನಾನು ಕೊಂಡಿದ್ದು ಕಿಪ್ಚೋಗೆ ಹಾಕಿಕೊಳ್ಳುವ ಜಾತಿಯದಲ್ಲ. ಪ್ಲೇಟಿನ ಶೂಗಳಲ್ಲಿ ಈಗ ಎರಡು ಪಂಗಡಗಳಿವೆ. ರೇಸಿಗೆ ಮಾತ್ರ ಎನ್ನುವಂಥವು ಇನ್ನೂರು ಗ್ರಾಂ ಆಸುಪಾಸಿನವು, ಬೆಲೆ ಇಪ್ಪತ್ತು ಸಾವಿರಕ್ಕೂ ಮೇಲೆ. 2023ರಲ್ಲಿ ಬರ್ಲಿನ್ನಿನಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2:11:53ರ ಮಹಿಳಾ ದಾಖಲೆ ಮಾಡಿದಾಗ ಹಾಕಿದ್ದ ಅಡಿಡಾಸ್ ಶೂ 138 ಗ್ರಾಂ ತೂಗುತ್ತಿತ್ತು, ಬೆಲೆ 500 ಡಾಲರ್. ಎರಡನೇ ಪಂಗಡ ತುಸು ಭಾರದ್ದು. ನೈಲಾನ್ ಅಥವಾ ಮಿಶ್ರ ಕಾರ್ಬನ್ನಿನ ಸ್ವಲ್ಪ ಬಾಗುವ ಪ್ಲೇಟು, ಅಗಲ ಅಟ್ಟೆ, ನೆಲಕ್ಕೆ ತಾಗುವ ಕಡೆ ಧಾರಾಳ ರಬ್ಬರು. ವೇಗದ ಅಭ್ಯಾಸಕ್ಕೂ ಆಯಿತು, ಓಟದ ದಿನಕ್ಕೂ ಆಯಿತು ಎನ್ನುವ ಲೆಕ್ಕ. ನನ್ನದು ಅಂಥದ್ದು. ಕಂಪನಿಯ ಹೆಸರು ಬೇಡ, ನೀವು ಇದನ್ನು ಓದುವ ಹೊತ್ತಿಗೆ ಅದರ ಮುಂದಿನ ಆವೃತ್ತಿ ಬಂದಿರುತ್ತದೆ. ಹಬ್ಬದ ರಿಯಾಯಿತಿಯಲ್ಲಿ 13,000 ರೂಪಾಯಿ. ನಮ್ಮನೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಶೂ 256 ಗ್ರಾಂ ತೂಗಿತು.

ಹೆಂಡತಿ ಡಬ್ಬಿಯ ಮೇಲಿನ ಬೆಲೆ ನೋಡಿ, “ಎಷ್ಟು ದಿನಾ ಬರ್ತದರೀ ಇದು?” ಎಂದಳು. ದಿನದ ಲೆಕ್ಕ ಅಲ್ಲ, ಸುಮಾರು ಐನೂರು ಕಿಲೋಮೀಟರ್ ಎಂದೆ. ಆಕೆ ಶಾಲೆಯಲ್ಲಿ ಗಣಿತ ಕಲಿಸುವವಳು. “ಅಂದ್ರ ಕಿಲೋಮೀಟರಿಗೆ ಇಪ್ಪತ್ತಾರು ರೂಪಾಯಿ. ಅಷ್ಟು ಕೊಟ್ರ ಆಟೋದಂವಾ ಒಂದೂವರಿ ಕಿಲೋಮೀಟರ್ ಕೂಡ್ರಿಸಿಕೊಂಡು ಒಯ್ತಾನಲ್ರೀ” ಎಂದಳು. ಮುಂಬೈ ಆಟೋದ ಕನಿಷ್ಠ ದರ ಅಷ್ಟೇ ಇರುವುದರಿಂದ ನಾನು ಉತ್ತರ ಕೊಡಲಿಲ್ಲ. ದಕ್ಷಿಣ ಮುಂಬೈಗೆ ಆಟೋ ಬಿಡುವುದಿಲ್ಲ ಎಂಬ ಒಂದು ವಾದ ಇತ್ತು, ಅದನ್ನು ನುಂಗಿಕೊಂಡೆ.

ಸಾಫ್ಟ್‌ವೇರಿನವರ ಕೆಟ್ಟ ಚಟ ಎಂದರೆ ಎಲ್ಲವನ್ನೂ ಹೋಲಿಸಿ ಪರೀಕ್ಷೆ ಮಾಡುವುದು. ಆರು ಭಾನುವಾರ ಸರದಿಯ ಮೇಲೆ ಒಂದು ವಾರ ಹಳೆಯ ಶೂ, ಒಂದು ವಾರ ಹೊಸದು. ಮರೀನ್ ಡ್ರೈವ್‌ನಲ್ಲಿ ಚೌಪಾಟಿಯಿಂದ ನಾರಿಮನ್ ಪಾಯಿಂಟ್, ಅಲ್ಲಿಂದ ಹಿಂದಕ್ಕೆ, ಏಳು ಕಿಲೋಮೀಟರಿಗಿಂತ ತುಸು ಹೆಚ್ಚು. ಎದೆಬಡಿತ ನಿಮಿಷಕ್ಕೆ 158ರ ಹತ್ತಿರ ಇರುವಂತೆ ಓಡುವುದು, ವೇಗ ಎಷ್ಟು ಬರುತ್ತದೆ ನೋಡುವುದು. ಮರೀನ್ ಡ್ರೈವ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಂಗೈಯಷ್ಟು ಸಪಾಟು, ಸಿಗ್ನಲ್ ಕಾಟ ಕಡಿಮೆ. ಸಮುದ್ರದ ಕಡೆಯ ಅಗಲ ಫುಟ್‌ಪಾತಿನಲ್ಲಿ ಆರು ಗಂಟೆಯ ಮೇಲೆ ವಾಯುವಿಹಾರದ ಗುಜರಾತಿ ಅಜ್ಜಂದಿರು ನಾಲ್ವರು ಅಡ್ಡಡ್ಡ ಸಾಲಾಗಿ ಬರುತ್ತಾರೆ, ಆದ್ದರಿಂದ ಐದೂಕಾಲಕ್ಕೇ ಶುರು. ಹೋಗುವಾಗ ಎಡಗಡೆ ಕತ್ತಲಲ್ಲಿ ಮೆಲ್ಲಗೆ ಬೆಳಕಾಗುವ ಆರ್ಟ್ ಡೆಕೊ ಕಟ್ಟಡಗಳು, ಹಡಗಿನ ಮೂತಿಯಂತೆ ದುಂಡಗೆ ತಿರುಗಿದ ಬಾಲ್ಕನಿಗಳು. ಓವಲ್ ಮೈದಾನದ ಸುತ್ತಲಿನವುಗಳ ಜೊತೆ ಇವೂ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಬಲಗಡೆ ಸಮುದ್ರ, ಅಲೆ ಮುರಿಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳು, ಅವುಗಳ ಸಂದಿನಲ್ಲಿ ಬೆಕ್ಕು.

ಹಳೆಯ ಶೂವಿನಲ್ಲಿ ಮೂರು ವಾರದ ಸರಾಸರಿ ಕಿಲೋಮೀಟರಿಗೆ 5 ನಿಮಿಷ 34 ಸೆಕೆಂಡು. ಹೊಸದರಲ್ಲಿ 5:27. ಏಳು ಸೆಕೆಂಡು, ಸುಮಾರು ಶೇಕಡಾ ಎರಡು. ಆದರೆ ಕಾಲಿಗೆ ಯಾವ ಶೂ ಹಾಕಿದ್ದೇನೆ ಎನ್ನುವುದು ನನ್ನಿಂದ ಬಚ್ಚಿಡಲು ಬರುವುದಿಲ್ಲ. ಹೊಸ ಶೂ ಹಾಕಿದ ದಿನ ಮನಸ್ಸೂ ಹೊಸದಾಗಿರುತ್ತದೆ. ಅರ್ಧ ಅದಕ್ಕೆ ಬಿಟ್ಟುಕೊಟ್ಟರೆ ಉಳಿಯುವುದು ಆ ಒಂದು ಪರ್ಸೆಂಟೇ. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡಿದ್ದು ಮರುದಿನದ ಕಾಲು. ಹಳೆಯ ಶೂವಿನಲ್ಲಿ ಜೋರಾಗಿ ಓಡಿದರೆ ಸೋಮವಾರ ಅಂಧೇರಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ತೊಡೆ ಬೈಯುತ್ತಿತ್ತು. ಇದರಲ್ಲಿ ತೊಡೆ ಸುಮ್ಮನಿತ್ತು. ಬದಲಿಗೆ ಮೀನಖಂಡದ ಕೆಳಗೆ, ಹಿಮ್ಮಡಿಯ ಮೇಲೆ ಬಿಗಿತ. ನೋವು ಮಾಯವಾಗಲಿಲ್ಲ, ಜಾಗ ಬದಲಿಸಿತು.

ಸಪಾಟಿನಲ್ಲಿ ಎಲ್ಲ ಶೂಗಳೂ ಒಳ್ಳೆಯವೇ. ಮುಂಬೈಯಲ್ಲಿ ಶೂವಿನ ನಿಜವಾದ ಪರೀಕ್ಷೆ ಪೆಡ್ಡರ್ ರೋಡು. ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಅಂದಿನಿಂದ ಅದನ್ನು ಓಡಿದವರ ಬಾಯಲ್ಲಿ ಈ ಏರಿನ ಮಾತು ಬಾರದೆ ಇರುವುದಿಲ್ಲ. ಹಾಜಿ ಅಲಿಯ ಸಮುದ್ರದ ಗಾಳಿ ಬೆನ್ನಿಗೆ ಬಿಟ್ಟು ಒಳಗೆ ತಿರುಗಿದ ಕೂಡಲೇ ರಸ್ತೆ ಮೇಲೇಳುತ್ತದೆ. ಬೆಟ್ಟವೇನಲ್ಲ, ನಮ್ಮ ಧಾರವಾಡದ ದಿಬ್ಬಗಳಲ್ಲಿ ಸೈಕಲ್ಲು ತುಳಿದವರು ನಗಬಹುದು. ಆದರೆ ಫುಲ್ ಮ್ಯಾರಥಾನಿನವರಿಗೆ ಅದು ಎದುರಾಗುತ್ತಿದ್ದದ್ದು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ, ಬಿಸಿಲೇರುವ ಹೊತ್ತಿಗೆ. ಎರಡೂ ಕಡೆ ಎತ್ತರದ ಕಟ್ಟಡಗಳು, ಲತಾ ಮಂಗೇಶ್ಕರ್ ಇದ್ದ ಪ್ರಭುಕುಂಜ್, ಬಾಲ್ಕನಿಗಳಿಂದ ಚಪ್ಪಾಳೆ, ಕೆಳಗೆ ನಿಂತು ಕಿತ್ತಳೆ ತೊಳೆ, ಚಿಕ್ಕಿ ಕೊಡುವ ಮಕ್ಕಳು. ಮುಂದೆ ಕೆಂಪ್ಸ್ ಕಾರ್ನರ್. ಅಲ್ಲಿಯ ಫ್ಲೈಓವರು 1965ರದು, ದೇಶದಲ್ಲೇ ಮೊದಲನೆಯದು ಎನ್ನುತ್ತಾರೆ. ಅದನ್ನು ದಾಟಿದರೆ ಬಾಬುಲನಾಥದ ಕಡೆಗೆ ಇಳಿಜಾರು, ಮತ್ತೆ ಚೌಪಾಟಿ.

ನವೆಂಬರಿನಲ್ಲಿ ನಾಲ್ಕು ಭಾನುವಾರ ಆ ಏರನ್ನು ಹತ್ತಿ ಇಳಿದೆವು. ಏರಿನಲ್ಲಿ ಪ್ಲೇಟಿನ ಉಪಕಾರ ನನಗೆ ಕಾಣಲಿಲ್ಲ. ವೇಗ ಇಳಿದು ಕಾಲಿನ ಒತ್ತಡ ಕಡಿಮೆಯಾದಾಗ ಫೋಮು ಕುಗ್ಗುವುದೂ ಕಡಿಮೆ, ಕೊಡುವುದೂ ಕಡಿಮೆ. ಗಟ್ಟಿ ಅಟ್ಟೆ ಪಾದವನ್ನು ಮಡಚಲು ಬಿಡದೆ ಎಳೆಯುವ ಕೆಲಸವೆಲ್ಲ ಮೀನಖಂಡದ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ಮಾತ್ರ ಶೂ ತನ್ನ ಬೆಲೆ ತೋರಿಸಿತು. ಹಳೆಯದರಲ್ಲಿ ಪ್ರತಿ ಹೆಜ್ಜೆಗೂ ಬ್ರೇಕು ಹಾಕುತ್ತಿದ್ದ ಮಂಡಿ, ಇದರಲ್ಲಿ ಬಿಟ್ಟುಕೊಟ್ಟು ಇಳಿಯಿತು. ಆದರೆ ಆ ಇಳಿಜಾರಿನ ತಿರುವಿನಲ್ಲಿ ಎತ್ತರದ ಅಟ್ಟೆ ಹೊರಕ್ಕೆ ವಾಲುವುದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಒಳಬದಿಗೆ ಅಂಟಿಕೊಂಡು ಓಡುವ ಆಸೆ ಬಿಡುವುದೇ ಮೇಲು.

ಶೆಟ್ರು ನನ್ನ ಲೆಕ್ಕದ ಹಾಳೆ ನೋಡಿ, “ಎಂತ ಮಾರಾಯ್ರೆ, ಇಷ್ಟೆಲ್ಲ ಬರ್ದಿಟ್ಟಿದ್ದೀರಿ, ಕಾಲನ್ನು ಕೇಳಿದ್ದೀರಾ?” ಎಂದರು. ಅವರದು ನಾಲ್ಕು ಸಾವಿರದ ಶೂ, ಹಿಮ್ಮಡಿ ಸವೆದು ಒಂದು ಕಡೆ ವಾಲಿದೆ. ಪೆಡ್ಡರ್ ರೋಡು ನನಗಿಂತ ಮೊದಲು ಹತ್ತುತ್ತಾರೆ. “ನಿಮ್ಮ ಆ ಎಡಗಾಲು ಉಂಟಲ್ಲ, ಅದು ಪುನಃ ಕೈ ಕೊಟ್ರೆ ಈ ಹದಿಮೂರು ಸಾವಿರ ತಗೊಂಡು ಎಂತ ಮಾಡ್ತೀರಿ?”

ಅದೇ ನನ್ನ ಪ್ರಶ್ನೆಯೂ ಆಗಿತ್ತು. 2023ರಲ್ಲಿ ವೈದ್ಯರ ತಂಡವೊಂದು ಕಾರ್ಬನ್ ಪ್ಲೇಟಿನ ಶೂ ಬಳಸಿ ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆಗೆ ಒತ್ತಡದ ಗಾಯ ಮಾಡಿಕೊಂಡ ಐವರು ಓಟಗಾರರ ವಿವರ ಪ್ರಕಟಿಸಿತ್ತು. ಐದು ಜನರಿಂದ ಏನನ್ನೂ ಸಾಬೀತು ಮಾಡಲಾಗದು, ಶೂವೇ ಕಾರಣ ಎನ್ನಲೂ ಆಗದು. ಅವರು ಹೇಳಿದ್ದೂ ಇಷ್ಟೇ: ಇಂಥ ಶೂಗೆ ನಿಧಾನವಾಗಿ ಹೊಂದಿಕೊಳ್ಳಿ. ನನ್ನ ಗಾಯ ಬೇರೆ ಮೂಳೆಯದು. ಆದರೂ ಮೊದಲೇ ಒಮ್ಮೆ ಬಿರುಕು ಬಿಟ್ಟ ಪಾದದವನು ಅದನ್ನು ಓದಿ ಸುಮ್ಮನೆ ಪುಟ ತಿರುಗಿಸಲಾರ. ನಮ್ಮ ಫಿಸಿಯೋ ಜೊತೆ ಕೂತು ನಾನು ಮಾಡಿಕೊಂಡ ಕಟ್ಟುಪಾಡು ಹೀಗಿತ್ತು: ವಾರಕ್ಕೆ ಒಂದೇ ಸಲ ಪ್ಲೇಟು, ಅದೂ ಮೊದಲ ತಿಂಗಳು ಐದಾರು ಕಿಲೋಮೀಟರಿಗೆ ಮೀರದಂತೆ. ಉಳಿದ ದಿನ ಪ್ಲೇಟಿಲ್ಲದ ಮಾಮೂಲಿ ಶೂ, ಅದೂ ನಿಧಾನದ ಓಟ. ದಿನಾ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು, ಕಾಲಿಗೆ ಇಪ್ಪತ್ತೈದು ಸಲ. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ಒತ್ತಿದರೆ ಒಂದೇ ಬಿಂದುವಿನಲ್ಲಿ ನೋವು ಬಂದರೆ ಅಂದೇ ಓಟ ಬಂದ್. ಮೀನಖಂಡದ ಬಿಗಿತಕ್ಕೆ ಹೆದರಬೇಕಿಲ್ಲ, ಮೂಳೆಯ ಮೇಲಿನ ಚುಚ್ಚುವ ನೋವಿಗೆ ಹೆದರಬೇಕು.

ಕೊಳ್ಳುವವರಿಗೆ ಇನ್ನೆರಡು ಮಾತು. ಈ ಶೂಗಳ ಮುಂಭಾಗ ಬಹುಪಾಲು ಕಿರಿದು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಪಾದಗಳ ಮುಂಭಾಗ ಅಗಲ. ನನಗೆ ಮಾಮೂಲಿಗಿಂತ ಅರ್ಧ ಸೈಜು ದೊಡ್ಡದು ಬೇಕಾಯಿತು. ಆಗ ಹಿಮ್ಮಡಿ ಸಡಿಲವಾಯಿತು, ಕೊನೆಯ ತೂತಿನಲ್ಲಿ ಲೇಸನ್ನು ಕುಣಿಕೆ ಮಾಡಿ ಕಟ್ಟಿದ ಮೇಲೆ ಸರಿಹೋಯಿತು. ಆನ್‌ಲೈನಿನಲ್ಲಿ ತರಿಸುವ ಬದಲು ಅಂಗಡಿಗೆ ಸಂಜೆ ಹೋಗಿ, ಪಾದ ತುಸು ಊದಿರುವಾಗ ಹಾಕಿ ನೋಡಿ.

ಎರಡನೆಯದು ಮಳೆ. ಮುಂಬೈಯಲ್ಲಿ ಜನವರಿಗೆ ತಯಾರಿ ಶುರುವಾಗುವುದೇ ಜುಲೈಯ ಮಳೆಯಲ್ಲಿ. ವರಳಿ ಸೀ ಫೇಸಿನಲ್ಲಿ ಭರತದ ಹೊತ್ತಿಗೆ ಅಲೆ ಗೋಡೆ ಹಾರಿ ಫುಟ್‌ಪಾತಿಗೆ ಬೀಳುತ್ತದೆ, ಕಲ್ಲಿನ ಮೇಲೆ ಪಾಚಿ. ಅಲ್ಲಿ ಕೆಳಗಿನ ರಬ್ಬರೇ ಸರ್ವಸ್ವ. ನನ್ನ ಶೂ ಒದ್ದೆ ಕಾಂಕ್ರೀಟಿನ ಮೇಲೆ ಚೆನ್ನಾಗಿ ಹಿಡಿಯಿತು, ಅದು ಅದರ ದೊಡ್ಡ ಗುಣ. ರೇಸಿನ ಶೂ ಹಾಕಿದ್ದ ನಮ್ಮ ಮಂಡ್ಯದ ಹುಡುಗಿ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಎರಡು ಸಲ ಜಾರಿದಳು, ಬೀಳದೆ ಉಳಿದದ್ದು ಪುಣ್ಯ. ಹಾಗೆಂದು ಪಾಚಿಯ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ಮರದ ಬೇರು ಎತ್ತಿದ ಫುಟ್‌ಪಾತಿನಲ್ಲೂ ಈ ಎತ್ತರದ ಶೂ ಬೇಡ, ಪಾದ ಮಗುಚುತ್ತದೆ. ಅಲ್ಲಿ ರಸ್ತೆಗೇ ಇಳಿಯುವುದು ಕ್ಷೇಮ.

ಓಟ ಮುಗಿದ ಮೇಲೆ ನಾವು ಹೋಗುವುದೂ ಆ ಮಾಟುಂಗಾಕ್ಕೇ. ಚರ್ಚ್‌ಗೇಟಿನಿಂದ ಮಾಟುಂಗಾ ರೋಡಿಗೆ ಲೋಕಲ್, ಝಡ್ ಬ್ರಿಜ್ ಹತ್ತಿಳಿದು ಆಚೆ ಹೋದರೆ ಕಿಂಗ್ಸ್ ಸರ್ಕಲ್ ಸುತ್ತ ಉಡುಪಿ ಹೋಟೆಲುಗಳು. ಬೆವರು ನಾರುವ ನಮ್ಮನ್ನು ಮೂಲೆಯ ಮೇಜಿಗೆ ಕಳಿಸುತ್ತಾರೆ. ಓಡಿದ್ದಕ್ಕಿಂತ ಹೆಚ್ಚು ತಿನ್ನುವುದು ಇಲ್ಲೇ. ಹತ್ತು ಗಂಟೆಗೆ ರೈಲ್ವೆಯ ಬ್ಲಾಕ್ ಶುರುವಾಗುವ ಮೊದಲು ಮನೆ ಸೇರಬೇಕು ಎಂಬ ಆತುರದಲ್ಲೂ ಎರಡನೇ ಕಾಫಿ ತಪ್ಪುವುದಿಲ್ಲ. ನಾಲ್ಕು ತಿಂಗಳು ನನಗೆ ತಪ್ಪಿದ್ದು ಇದು.

ಜನವರಿಯಲ್ಲಿ ನಾನು ಓಡಿದ್ದು ಹಾಫ್. ಹಿಂದಿನ ಸಲದ ಸಮಯ 1:55:20, ಈ ಸಲ 1:51:40. ಮೂರು ನಿಮಿಷ ನಲವತ್ತು ಸೆಕೆಂಡು, ಸುಮಾರು ಶೇಕಡಾ ಮೂರು. ಪರೀಕ್ಷೆಗಳು ಹೇಳುವ ಒಂದು ಪರ್ಸೆಂಟನ್ನು ನಂಬಿದರೆ ಶೂವಿನ ಪಾಲು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದು ಮಂಗಳವಾರಗಳ ಬಿರುಸಿನ ಓಟ, ಇಳಿದ ಮೂರು ಕಿಲೋ, ಮತ್ತು ಆ ದಿನ ಅಪರೂಪಕ್ಕೆ ತಂಪಾಗಿದ್ದ ಗಾಳಿ. ಪೆಡ್ಡರ್ ರೋಡಿನಲ್ಲಿ ಶೆಟ್ರು ನನ್ನನ್ನು ದಾಟಿ ಹೋದರು, ಇಳಿಜಾರಿನಲ್ಲಿ ನಾನು ಅವರನ್ನು ದಾಟಿದೆ, ಮರೀನ್ ಡ್ರೈವ್‌ನಲ್ಲಿ ಅವರು ಮತ್ತೆ ಮುಂದೆ. ಎಡಗಾಲು ಮಾತಾಡಲಿಲ್ಲ.

ಶೂ ಈಗ 412 ಕಿಲೋಮೀಟರ್ ಓಡಿದೆ. ಫೋಮಿನ ಬದಿಯಲ್ಲಿ ಸುಕ್ಕು ಎದ್ದಿದೆ, ಟೊಕ್ ಟೊಕ್ ಸದ್ದು ಮೊದಲಿಗಿಂತ ಮಂದ. ಇನ್ನು ಎರಡು ತಿಂಗಳು ಬುಧವಾರದ ವೇಗದ ಓಟಕ್ಕೆ ಸಾಕು. ಆಮೇಲೆ ಇದೇ ಪಂಗಡದ ಇನ್ನೊಂದು ಜೊತೆ ಕೊಳ್ಳುತ್ತೇನೆ, ಇಪ್ಪತ್ತು ಸಾವಿರದ ರೇಸಿನ ಶೂ ನನ್ನ ವೇಗಕ್ಕೆ ಬೇಡ. ಶೆಟ್ರೂ ಮೊನ್ನೆ ನನ್ನ ಸೈಜು ಎಷ್ಟು ಎಂದು ವಿಚಾರಿಸಿದರು. ಒಂಬತ್ತೂವರೆ ಎಂದೆ. “ನಂದು ಎಂಟು, ಛೆ” ಎಂದು ಸುಮ್ಮನಾದರು.